ಆಲ್ವಿನ್ ಸ್ಟ್ಯಾನಿಫೋರ್ತರ ಬಲಜೇಬು

ಆಲ್ವಿನ್ ಸ್ಟ್ಯಾನಿಫೋರ್ತ್ ಅವರ ಮುಖಕ್ಕಿಂತ ಮೊದಲು ನೋಡುವವರ ಕಣ್ಣಿಗೆ ಬೀಳುತ್ತಿದ್ದುದು ಅವರ ಬಲಗೈ ಹೆಬ್ಬೆರಳಿನ ಉಗುರು. ಉಳಿದವನ್ನು ಎಲ್ಲರಂತೆ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಅದೊಂದನ್ನು ಮಾತ್ರ ತುಸು ಮುಂದಕ್ಕೆ ಬಿಟ್ಟು, ಅಂಚನ್ನು ಅರದಿಂದ ಚೌಕವಾಗಿ ತೀಡಿ, ವೀಣೆ ನುಡಿಸುವವರು ತಮ್ಮ ಬೆರಳನ್ನು ಕಾಯ್ದುಕೊಳ್ಳುವಂತೆ ಕಾಯ್ದುಕೊಂಡಿದ್ದರು. ಹಳೆಯ ಇಂಗ್ಲಿಷ್ ಜೇಬುಚಾಕುವಿಗೆ ಗುಂಡಿಯಿಲ್ಲ, ಒತ್ತಿದರೆ ಚಿಮ್ಮುವ ಯಂತ್ರವಿಲ್ಲ. ಹಿಡಿಯೊಳಗೆ ಮಡಚಿಕೊಂಡ ಅಲಗಿನ ಮೇಲೊಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ಉಗುರು ಸಿಕ್ಕಿಸಿ, ಬೆನ್ನಿನ ಸ್ಪ್ರಿಂಗಿನ ಬಿಗುವಿಗೆ ಎದುರಾಗಿ ಎಳೆದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಆ ಗೀರಿಗೆಂದೇ ಬೆಳೆಸಿದ ಉಗುರು ಅದು. ಪಾತ್ರೆ ತೊಳೆಯುವಾಗ ಬಲಗೈಗೆ ಮಾತ್ರ ರಬ್ಬರ್ ಗವಸು ಹಾಕುತ್ತಿದ್ದರು. "ನೋಡಮ್ಮ, ಮದುವೆಯಾದಾಗಿಂದ ನನ್ನ ಕೈಯನ್ನ ಈ ಮನುಷ್ಯ ಇಷ್ಟು ಜೋಪಾನ ಮಾಡಿದ್ದು ನಾನಂತೂ ಕಂಡಿಲ್ಲ" ಎಂದು ಹೆಂಡತಿ ಬೆರಿಲ್ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಶೆಫೀಲ್ಡಿನ ಏರುಬೀದಿಗಳಲ್ಲಿ ಮನೆಮನೆಗೆ ಹೋಗಿ ಗ್ಯಾಸ್ ಮೀಟರ್ ಓದುವುದು ಅವರ ಜೀವಮಾನದ ಕೆಲಸವಾಗಿತ್ತು. ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೂ ಬೆಟ್ಟ ಅವರ ಮೈಬಿಟ್ಟು ಹೋಗಿರಲಿಲ್ಲ. ಸಮತಟ್ಟಾದ ನೆಲದ ಮೇಲೂ ಮುಂದಕ್ಕೆ ಬಾಗಿ, ಮೊಣಕಾಲನ್ನು ಒಂದಿಷ್ಟು ಹೆಚ್ಚೇ ಎತ್ತಿ, ಕಾಣದ ಏರನ್ನು ಹತ್ತುವವರ ಹಾಗೆ ನಡೆಯುತ್ತಿದ್ದರು. ಬೇಸಿಗೆ ಚಳಿಗಾಲಗಳೆನ್ನದೆ ತೊಡುತ್ತಿದ್ದ ಕಂದು ಟ್ವೀಡ್ ಕೋಟು ಒಂದೇ. ಅದರ ಎಡಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಕರವಸ್ತ್ರ, ಬಸ್ ಪಾಸು, ಕೆಮ್ಮಿನ ಮಿಠಾಯಿ ಎಲ್ಲವೂ ತುಂಬಿ ಆ ಪಕ್ಕ ಜೋತುಬಿದ್ದಿರುತ್ತಿತ್ತು. ಬಲಜೇಬಿಗೆ ಅವರೇ ಒಳಗಿನಿಂದ ಮೆದುವಾದ ಮೇಕೆಚರ್ಮ ಹೊಲಿದಿದ್ದರು. ಅಲ್ಲಿ ಒಂದು ಚಾಕು ಬಿಟ್ಟರೆ ಬೇರೆ ಯಾವುದಕ್ಕೂ ಪ್ರವೇಶವಿರಲಿಲ್ಲ.

ಆ ಚಾಕು ಅವರಿಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ವರ್ಷ, ಐವಿ ಚಿಕ್ಕಮ್ಮನಿಂದ. ಚಿಕ್ಕಮ್ಮ ಚಾಕು ಕಾರ್ಖಾನೆಯ ಮೆರುಗಿನ ಮನೆಯಲ್ಲಿ ದುಡಿದವಳು. ತಲೆಗೆ ಕೆಂಪು ವಸ್ತ್ರ ಬಿಗಿದು, ಕೊಳೆ ತಾಗದಂತೆ ಮೈಗೆ ಕಂದು ಕಾಗದ ಸುತ್ತಿಕೊಂಡು, ತಿರುಗುವ ಚಕ್ರಕ್ಕೆ ಅಲಗು ಒತ್ತಿ ಹಿಡಿದು ಸಂಜೆಯ ಹೊತ್ತಿಗೆ ಮೂಗು ಬಾಯಿಯೆಲ್ಲ ಕಪ್ಪು ಮಾಡಿಕೊಂಡು ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳು. ಚಾಕುವಿಗೆ ಕಪ್ಪು ಕೊಂಬಿನ ಹಿಡಿ, ಅಡಿಪಟ್ಟಿಯಷ್ಟು ನೇರವಾದ ಬಾಯಿ, ತುದಿಯಲ್ಲಿ ಕುರಿಮರಿಯ ಗೊರಸಿನಂತೆ ಇಳಿಜಾರು. ಸಾಣೆಕಲ್ಲಿನ ಮೇಲೆ ಸವೆದು ಸವೆದು ಅಲಗು ಮೊದಲಿನ ಅರ್ಧದಷ್ಟು ಅಗಲ ಉಳಿದಿತ್ತು. ಸೇಬು ಕೊಯ್ದು ಕೊಯ್ದು ಅದರ ಮೈಗೆ ಬೂದು, ನೀಲಿ, ನೇರಳೆಗಳು ಬೆರೆತ ಒಂದು ಛಾಯೆ ಏರಿತ್ತು. ಮನೆಯಲ್ಲಿ ಬೇರೆ ಚಾಕುಗಳು ಒಂದು ಮೇಜಿನ ಡ್ರಾಯರ್ ತುಂಬ ಇದ್ದವು. ಅವೆಲ್ಲ ಅವರ ನೆಂಟರು, ಇದು ಮನೆಯವಳು. "ಮನೆಯವಳು ನಾನಲ್ಲಪ್ಪ, ನಾನು ಬಾಡಿಗೆಗಿರೋಳು" ಎನ್ನುವುದು ಬೆರಿಲ್‌ಳ ತಕರಾರು.

ಶನಿವಾರ ಬೆಳಗ್ಗೆ ನದಿಯ ಪಕ್ಕದ ಪಬ್ಬಿನ ಹಿಂಕೋಣೆಯಲ್ಲಿ ಚಾಕುಪ್ರಿಯರು ಸೇರುತ್ತಾರೆ. ಬಿಯರಿಗೆ ಇನ್ನೂ ಹೊತ್ತಿರುತ್ತದೆ. ಟೀ, ಹಂದಿಮಾಂಸದ ಕಡುಬು, ಸಾಸಿವೆ, ಮೇಜಿನ ಮೇಲೆ ಹಸಿರು ಉಣ್ಣೆಬಟ್ಟೆ. ಬರೆದಿಡದ ಒಂದು ಕಟ್ಟಳೆ ಅಲ್ಲಿ ನಡೆಯುತ್ತದೆ: ಚಾಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಡಚಿಕೊಂಡೇ ಹೋಗಬೇಕು; ಪಡೆದವರು "ತೆಗೀಲಾ?" ಎಂದು ಕೇಳಿಯೇ ತೆರೆಯಬೇಕು, ಮತ್ತೆ ಮಡಚಿಯೇ ಹಿಂದಿರುಗಿಸಬೇಕು. ಹೊಸದಾಗಿ ಬಂದ ಚಾಕುವನ್ನು ಆಲ್ವಿನ್ ಕಿವಿಯ ಬಳಿ ಹಿಡಿದು ನಿಧಾನವಾಗಿ ತೆರೆಯುತ್ತಿದ್ದರು, ಅರ್ಧದಲ್ಲಿ ಒಮ್ಮೆ ನಿಲ್ಲಿಸುತ್ತಿದ್ದರು, ಕೊನೆಯಲ್ಲಿ ಬರುವ 'ಟಕ್' ಶಬ್ದ ಕೇಳಿ ತಲೆಯಾಡಿಸುತ್ತಿದ್ದರು ಅಥವಾ ಟೀ ಲೋಟದ ಕಡೆ ಕೈಚಾಚುತ್ತಿದ್ದರು. ಟೀ ಕಡೆ ಕೈ ಹೋಯಿತೆಂದರೆ ಚಾಕು ಸಾಧಾರಣ ಎಂದು ಎಲ್ಲರಿಗೂ ಅರ್ಥವಾಗುತ್ತಿತ್ತು.

ವೆಲ್ಡಿಂಗ್ ಕೆಲಸದ ಟ್ರೆವರ್ ಲಿವರ್ಸಿಜ್ ಒಮ್ಮೆ ಹೊಸ ಚಾಕುವಿಗೆ ಬೇಗ ಹಳೆಯ ಬಣ್ಣ ಬರಲಿ ಎಂದು ಅದನ್ನು ಆಲೂಗಡ್ಡೆಗೆ ಚುಚ್ಚಿಟ್ಟು, ಮರುದಿನ ತಂದು ಹೆಮ್ಮೆಯಿಂದ ತೋರಿಸಿದ. ಆಲ್ವಿನ್ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಯ್ಯ. ತಲೆಗೆ ಬಿಳಿ ಬಣ್ಣ ಬಳ್ಕೊಂಡು, ನನ್ನ ತಾತ ಅಂತ ಕರೀರಿ ಅಂದ ಹಾಗಿದೆ."

"ಯಜಮಾನ್ರೇ, ನಿಮ್ಮಷ್ಟು ಸೇಬು ತಿಂದು ಬಣ್ಣ ಬರಿಸೋ ಹೊತ್ತಿಗೆ ನನ್ನ ಹಲ್ಲೇ ಇರಲ್ಲ!"

"ಹಲ್ಲಿಲ್ಲದೋರಿಗೇ ತಾನೇ ಚಾಕು ಬೇಕಾಗೋದು?"

ಆ ಮೇಜಿಗೆ ಡೆನೀಸ್ ಹ್ಯಾಟರ್ಸ್ಲಿ ಬಂದದ್ದು ಅಪ್ಪ ತೀರಿಕೊಂಡ ಮೇಲೆ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ಅಪ್ಪನ ಚಾಕು ತೋಟದ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ತುಕ್ಕು ಹಿಡಿದು ಬಿಗಿದುಕೊಂಡು, ಅಲಗೂ ಹಿಡಿಯೂ ಒಂದೇ ಉಂಡೆಯಾಗಿತ್ತು. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬಡಿಸಿ ಗಟ್ಟಿಯಾದ ಕೈ ಅವಳದು. ಇಕ್ಕಳ ಹಾಕಿ ಎಳೆದುಬಿಡಲೇ ಎಂದು ಕೇಳಿದಳು. ಆಲ್ವಿನ್ ಬೆಚ್ಚಿಬಿದ್ದವರಂತೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು.

"ಅವಸರ ಮಾಡಬೇಡ ಕಣಮ್ಮ. ಸೀಮೆಎಣ್ಣೆ ಕುಡೀಲಿ. ಅದಕ್ಕೆ ಯಾವಾಗ ಮನಸ್ಸು ಬರುತ್ತೋ ಆವಾಗ ತೆರ್ಕೊಳ್ಳುತ್ತೆ."

ಅಲ್ಲಿಂದ ಪ್ರತಿ ಶನಿವಾರ ಅವರು ತಲೆಯಲ್ಲಾಡಿಸಿ "ಇನ್ನೂ ಮಾತಾಡ್ತಿಲ್ಲ" ಎನ್ನುವುದು, ಡೆನೀಸ್ ಅಷ್ಟಕ್ಕೇ ಒಂದು ಟೀ ಕುಡಿದು ಹೋಗುವುದು ನಡೆಯಿತು. ಚಾಕುವಿಗಾಗಿ ಬರುತ್ತಿದ್ದವಳು ಯಾವಾಗಲೋ ಮೇಜಿಗಾಗಿ ಬರತೊಡಗಿದ್ದಳು. ಅದು ಅವಳಿಗೇ ಗೊತ್ತಾಗಲಿಲ್ಲ. ಹೂ ಬಿಡುವ ಕಾಲಕ್ಕೆ ಒಂದು ದಿನ ಆಲ್ವಿನ್ ಚಾಕುವನ್ನು ಮಡಚಿದಂತೆಯೇ ಅವಳ ಕೈಗಿಟ್ಟು, "ಹಿಂದಿನ ವಾರ ಒಂದು ಕೂದಲೆಳೆಯಷ್ಟು ಅಲ್ಲಾಡ್ತು. ಅಲ್ಲಿಗೇ ನಿಲ್ಲಿಸಿದೆ. ಮೊದಲ ಸಲ ತೆಗೆಯೋದು ನೀನೇ ಆಗ್ಬೇಕು" ಎಂದರು. ಡೆನೀಸ್ ತೆಗೆದಳು. ಅಲಗಿನ ತುಂಬ ಕಪ್ಪು ಕಲೆ. ಇದನ್ನು ಉಜ್ಜಿ ಹೊಳಪು ಮಾಡಿಕೊಡುತ್ತೀರಾ ಎಂದಾಗ ಅವರು ಒಪ್ಪಲಿಲ್ಲ.

"ಆ ಕಲೆ ನಿಮ್ಮಪ್ಪಂದು. ಉಜ್ಜೋಕೆ ನಾನ್ಯಾರು?"

ಹೀಗೆ ಅವರಿಗೆ ಎರಡು ಸಿದ್ಧಾಂತಗಳಿದ್ದವು. ಹಳೆಯ ಚಾಕುವಿನ ಮೇಲೆ ಸಾಣೆಯ ಹೊರತು ಬೇರೆ ಯಾವ ಆಯುಧವನ್ನೂ ಇಡಬಾರದು, ಜೇಬುಚಾಕು ಜೇಬಿನಲ್ಲಿರಬೇಕು. ಈ ಎರಡೂ ಒಂದು ದಿನ ಎದುರುಬದುರು ನಿಂತಾವು ಎಂದು ಅವರು ಎಣಿಸಿರಲಾರರು.

ಕಳೆದ ಶರತ್ಕಾಲದ ಒಂದು ಶನಿವಾರ ಆಲ್ವಿನ್ ಬಲಜೇಬಿನಿಂದ ಚಾಕು ತೆಗೆದು, ಅತ್ತಿತ್ತ ತಿರುಗಿಸಿ, ಮತ್ತೆ ಜೇಬಿಗೇ ಇಳಿಸಿ, ಸೇಬನ್ನು ಹಲ್ಲಿನಿಂದ ಕಚ್ಚಿದರು. ಅವರು ಸೇಬು ಕಚ್ಚುವುದನ್ನು ಡೆನೀಸ್ ಹಿಂದೆಂದೂ ಕಂಡಿರಲಿಲ್ಲ. ಕೀಲುವಾತ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಉಗುರು ನೆಟ್ಟಗಿದ್ದರೂ ಅದರ ಹಿಂದೆ ನಿಂತು ಎಳೆಯುವ ಬಲ ಹೋಗಿತ್ತು. ಮುಂದಿನ ವಾರ ಟ್ರೆವರ್ ಸಂತೆಯಲ್ಲಿ ಕೊಂಡ ಚಾಕುವೊಂದನ್ನು ತಾನೇ ತೆರೆದು, ತೆರೆದಂತೆಯೇ ಅವರ ಮುಂದಿಟ್ಟ. ಇನ್ನೊಬ್ಬನೂ ಹಾಗೆಯೇ ಮಾಡಿದ. ಕಟ್ಟಳೆಯನ್ನು ಪ್ರೀತಿಯಿಂದ ಮುರಿದಿದ್ದರು. ಪ್ರೀತಿಯಿಂದ ಮುರಿದದ್ದು ಬೇಗ ಕಾಣುತ್ತದೆ.

"ಎಲ್ಲಾ ಬಾಯಿ ತೆರ್ಕೊಂಡೇ ಬರ್ತಿದಾವಲ್ಲ" ಎಂದರು ಆಲ್ವಿನ್. "ನಾನೇನು ಹಲ್ಲಿನ ಡಾಕ್ಟ್ರಾ?"

ಮೇಜು ನಕ್ಕಿತು. ಅವರೂ ನಕ್ಕರು. ಆದರೆ ಮರುವಾರ ಬರಲಿಲ್ಲ, ಅದರ ಮರುವಾರವೂ ಇಲ್ಲ. ಆಮೇಲೆ ಬೆರಿಲ್ ಡೆನೀಸಳಿಗೆ ಫೋನ್ ಮಾಡಿದಳು.

"ಚಾಕೂನ ಬೆಂಕಿಗೂಡಿನ ಮೇಲೆ ಗಡಿಯಾರದ ಪಕ್ಕ ಇಟ್ಟಿದಾನೆ. ಕೋಟು ಗೂಟದಲ್ಲೇ ಇದೆ, ಮಳೆ ಜಾಕೆಟ್ ಹಾಕ್ಕೊಂಡು ಪೇಪರ್ ತರೋಕೆ ಹೋಗ್ತಾನೆ. ಇಷ್ಟು ವರ್ಷ ಆ ಚಾಕೂನ ಬೈದಿದ್ದು ನಾನೇ. ಈಗ ನಾನೇ ಕೇಳ್ಕೊಳ್ತಿದೀನಿ, ಒಂದ್ಸಲ ಬಂದು ಹೋಗಮ್ಮ."

ಡೆನೀಸ್ ಹೋದಳು. ಆಲ್ವಿನ್ ಒಗೆದ ಅಂಗಿ ತೊಟ್ಟು, ಯಾರದೋ ಮನೆಗೆ ನೆಂಟರಾಗಿ ಬಂದವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಶುಂಠಿ ಕೇಕು ಬಂತು, ಟೀ ಬಂತು, ಹವಾಮಾನದ ಮಾತು ಮುಗಿಯಿತು. ಕೊನೆಗೆ ಅವಳೇ ಬಾಯಿಬಿಟ್ಟಳು. ಹಿಡಿಯ ಅಂಚಿನಲ್ಲಿ ಅರ್ಧಚಂದ್ರದಂತೆ ಕತ್ತರಿಸಿದರೆ ಅಲಗಿನ ಬೆನ್ನು ಹೊರಗೆ ಕಾಣುತ್ತದೆ, ಎರಡು ಬೆರಳಲ್ಲಿ ಚಿವುಟಿ ಹಿಡಿದು ತೆರೆಯಬಹುದು. ಉಗುರೂ ಬೇಡ, ಹೆಬ್ಬೆರಳಿನ ಬಲವೂ ಬೇಡ. ಹಳಬರು ಕೈಸೋತವರಿಗೆ ಹಾಗೇ ಮಾಡಿಕೊಡುತ್ತಿದ್ದರಲ್ಲವೇ?

"ಹೊಸದಕ್ಕೆ ಮಾಡಿ ಕೊಡ್ತಿದ್ರು" ಎಂದರು ಆಲ್ವಿನ್. "ಅದು ಐವಿ ಚಿಕ್ಕಮ್ಮನ ಕೈದಾಟಿ ಬಂದದ್ದು. ಅದಕ್ಕೆ ಅರ ಹಚ್ಚು ಅಂತೀಯಾ?"

"ಸ್ಪ್ರಿಂಗ್ ಮೆತ್ತಗಿರೋ ಬೇರೆ ಚಾಕು ತಗೊಳ್ಳಿ ಹಾಗಾದ್ರೆ."

"ಈ ವಯಸ್ಸಲ್ಲಿ ಹೊಸಬಳ ಜೊತೆ ಓಡಾಡು ಅಂತೀಯಾ? ಅದೂ ಬೆರಿಲ್ ಎದುರಿಗೆ?"

"ನಂದೇನೂ ತಕರಾರಿಲ್ಲ" ಎಂದಳು ಬೆರಿಲ್ ಅಡುಗೆಮನೆಯಿಂದ. "ಯಾವಳಾದ್ರೂ ಸರಿ, ಈ ಮನುಷ್ಯನ್ನ ಮನೆಯಿಂದ ಹೊರಗೆ ಕರ್ಕೊಂಡು ಹೋಗ್ಲಿ!"

ಡೆನೀಸ್ ನಗಲಿಲ್ಲ. ಅಲ್ಲಿಯವರೆಗೆ ಹೇಳದಿದ್ದ ಮಾತೊಂದು ಅವಳಲ್ಲಿತ್ತು. ಶೆಫೀಲ್ಡಿನ ಕಡೆಯ ಜನ ಇಂಥ ಮಾತನ್ನು ಸುಲಭವಾಗಿ ಆಡುವುದಿಲ್ಲ; ಆಡಿದರೂ ಕಿಟಕಿಯ ಕಡೆ ನೋಡಿಕೊಂಡು ಆಡುತ್ತಾರೆ.

"ಅಪ್ಪ ತೀರ್ಕೊಂಡ ವರ್ಷ ನಾನು ಮನೆ ಬಿಟ್ಟು ಹೊರಗೆ ಬರ್ತಿದ್ದದ್ದು ಶನಿವಾರ ಒಂದೇ. ಅಪ್ಪನ ಚಾಕು ಇನ್ನೂ ಮಾತಾಡ್ತಿಲ್ಲ ಅಂತ ನೀವು ಹೇಳೋದನ್ನ ಕೇಳೋಕೆ ಬರ್ತಿದ್ದೆ. ಈಗ ನೀವು ನಿಮ್ಮ ಚಾಕೂನ ಗಡಿಯಾರದ ಪಕ್ಕ ಇಟ್ಟು ಮೂಗ ಮಾಡಿದೀರಲ್ಲ, ಆಲ್ವಿನ್ ಅವರೇ. ಅದು ಸರೀನಾ?"

ಅವರು ಕೇಕಿನ ತಟ್ಟೆಯನ್ನು ಅವಳ ಕಡೆ ಸರಿಸಿದರು. ಅವಳು ಸೋತೆನೆಂದುಕೊಂಡೇ ಟ್ರಾಮ್ ಹತ್ತಿದಳು.

ಕ್ರಿಸ್ಮಸ್ ಕಳೆದ ಮೇಲೆ ಒಂದು ಬೆಳಗ್ಗೆ ಅವಳ ಬಾಗಿಲಲ್ಲಿ ಟ್ವೀಡ್ ಕೋಟು ನಿಂತಿತ್ತು. "ಬಾ, ರೇ ಹತ್ರ ಹೋಗೋಣ. ಒಬ್ಬನೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬಂದ್ಬಿಡ್ತೀನಿ" ಎಂದರು.

ಹಳೆಯ ಇಟ್ಟಿಗೆಯ ಅಂಗಳದೊಳಗೆ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಕೈಯಿಂದ ಚಾಕು ಕಟ್ಟುವ ರೇ ಬ್ಯಾಮ್‌ಫೋರ್ತ್ ಬಂದ ಕೆಲಸ ಕೇಳಿ, ಆ ಚಾಕುವನ್ನು ನೋಡಿದ ಕೂಡಲೇ ಕೈ ಹಿಂದಕ್ಕೆ ಕಟ್ಟಿಕೊಂಡ.

"ಆಗಲ್ಲ. ಇದಕ್ಕೆ ಅರ ಹಾಕಿದ್ರೆ ನಿಮ್ಮ ಶನಿವಾರದ ಜನ ನನ್ನ ಚರ್ಮ ಸುಲೀತಾರೆ."

"ಅವರಿಗೆ ನಾನು ಹೇಳ್ತೀನಿ."

"ನೀವೇ ಅಲ್ವಾ ಅವರಿಗೆಲ್ಲ ಹಳೇದನ್ನ ಮುಟ್ಟಬೇಡಿ ಅಂತ ಕಲಿಸಿದ್ದು?"

"ಹೌದಪ್ಪ, ಕಲಿಸಿದೆ. ಅದು ಕೈ ನಡೆಯೋನು ಹೇಳೋ ಮಾತು ಅಂತ ಈಗ ಅನ್ನಿಸ್ತಿದೆ. ಅಲಗು ಮುಟ್ಟಬೇಡ. ಹಿಡಿಯಷ್ಟೇ. ಶುರುಮಾಡು, ನನ್ನ ಧೈರ್ಯ ಜಾಸ್ತಿ ಹೊತ್ತು ನಿಲ್ಲಲ್ಲ."

ರೇ ಚಾಕುವನ್ನು ಮೇಜಿಗೆ ಬಿಗಿದ ಇಕ್ಕಳದಲ್ಲಿ ಕಚ್ಚಿಸಿ ದುಂಡನೆಯ ಅರ ಎತ್ತಿಕೊಂಡ. ಕೊಂಬು ಸವೆದಾಗ ಕೂದಲು ಸುಟ್ಟಂಥ ವಾಸನೆ ಬಂತು. ಕಪ್ಪು ಪುಡಿ ಉದುರಿತು, ಅದರ ಹಿಂದೆಯೇ ಕೊಂಬಿನ ಒಳಗಿದ್ದ ಹಿತ್ತಾಳೆ ತಗಡಿನ ಹಳದಿ ಪುಡಿ. ಡೆನೀಸ್ ಮುಖ ತಿರುಗಿಸಿದಳು. ಆಲ್ವಿನ್ ತಿರುಗಿಸಲಿಲ್ಲ, ಟೋಪಿ ಕೈಯಲ್ಲಿ ಹಿಡಿದು ಪ್ರತಿ ಎಳೆತವನ್ನೂ ನೋಡಿದರು. ಅಂಚು ನುಣುಪಾದ ಮೇಲೆ ರೇ ಚಾಕುವನ್ನು ಒರೆಸಿ, ಮಡಚಿ, ಅವರ ಅಂಗೈಗಿಟ್ಟ. ಆಲ್ವಿನ್ ಹೆಬ್ಬೆರಳು ತೋರುಬೆರಳಿನ ನಡುವೆ ಅಲಗಿನ ಬೆನ್ನನ್ನು ಚಿವುಟಿ ಎಳೆದರು. ಅರ್ಧಕ್ಕೆ ಬಂತು. ನಿಂತರು. ಮತ್ತೆ ಎಳೆದರು. ಟಕ್ ಎಂದಿತು.

ಆ ಶನಿವಾರ ಅವರು ಚಾಕುವನ್ನು ಮಡಚಿಯೇ ಹಸಿರು ಬಟ್ಟೆಯ ಮೇಲಿಟ್ಟರು. "ತೆಗೀಲಾ?" ಎಂದು ಕೇಳಿ ಎತ್ತಿಕೊಂಡ ಟ್ರೆವರನ ಬೆರಳು ಹಿಡಿಯ ಅಂಚಿನಲ್ಲಿ ನಿಂತುಬಿಟ್ಟಿತು.

"ಅಯ್ಯೋ! ಯಾವ ಪಾಪಿ ಇದನ್ನ ಹಾಳು ಮಾಡಿದ್ದು?"

"ನಾನೇ ಕಣೋ."

ಟ್ರೆವರ್ ಆಲ್ವಿನ್ ಅವರ ಮುಖ ನೋಡಿದ, ಕೈ ನೋಡಿದ, ಮತ್ತೆ ಚಾಕು ನೋಡಿದ. ಆಮೇಲೆ ಆ ಹೊಸ ಬಾಗಿನಲ್ಲೇ ಬೆರಳಿಟ್ಟು ತೆರೆದು, ಮಡಚಿ, ಹಿಂದಿರುಗಿಸಿದ. "ಅರ ಹಾಕಿದೋನು ಕೆಲಸ ಬಲ್ಲೋನು. ಹುಟ್ಟಿದಾಗಿಂದ ಇದ್ದ ಹಾಗಿದೆ" ಎಂದ. ಅವನು ಸುಳ್ಳು ಹೇಳುತ್ತಿದ್ದ. ಕತ್ತರಿಸಿದ ಅಂಚು ಹೊಸ ಗಾಯದಂತೆ ಬಿಳಿಚಿಕೊಂಡು ಕಾಣುತ್ತಿತ್ತು. ಆಮೇಲೆ ಅವನು ತನ್ನ ಹೊಸ ಚಾಕುವನ್ನು ಜೇಬಿನಿಂದ ತೆಗೆದು, ಮಡಚಿದಂತೆಯೇ, ಆಲ್ವಿನ್ ಅವರ ಕಡೆ ಸರಿಸಿದ. ತೆರೆಯಲಾಗದಿದ್ದರೆ ಅವರೇ ಹಾಗೆಂದು ಹೇಳಲಿ ಎಂಬ ಗೌರವ ಅದು. "ಇದು ನನ್ನ ಕೈಗೆ ಬಗ್ಗಲ್ಲಪ್ಪ, ನೀನೇ ತೆಗಿ, ನಾನು ಕೇಳಿಸ್ಕೊಳ್ತೀನಿ" ಎಂದು ಆಲ್ವಿನ್ ಕಿವಿ ಮುಂದೆ ಮಾಡಿದರು.

ಮನೆಗೆ ಹೋಗುವ ಏರಿನಲ್ಲಿ ಡೆನೀಸ್ ಕೇಳಿದಳು, "ಬೇಜಾರಾಗ್ಲಿಲ್ವಾ?"

"ಆಯ್ತು. ಆಗದೆ ಇರುತ್ತಾ? ಆದ್ರೆ ಚಿಕ್ಕಮ್ಮ ಇದಕ್ಕೆ ಮೆರುಗು ಹಾಕಿದ್ದು ಗಡಿಯಾರಕ್ಕೆ ಜೊತೆಯಾಗ್ಲಿ ಅಂತಲ್ವಲ್ಲ." ಎರಡು ಹೆಜ್ಜೆ ಹತ್ತಿ ಉಸಿರು ತೆಗೆದುಕೊಂಡು ಸೇರಿಸಿದರು: "ನೀನವತ್ತು ಬೈದು ಹೋದೆಯಲ್ಲ, ಒಳ್ಳೇದಾಯ್ತು ಕಣಮ್ಮ."

ಅವರ ಜನ ಕೃತಜ್ಞತೆಯನ್ನು ಹೇಳುವುದು ಇಷ್ಟರಲ್ಲೇ. ಸಂಗ್ರಹಕಾರರು ಎಂದ ಕೂಡಲೇ ಗಾಜಿನ ಪೆಟ್ಟಿಗೆ, ಮಖಮಲ್ಲು, ಮುಟ್ಟಬೇಡಿ ಎಂಬ ಫಲಕ ನಮ್ಮ ಕಣ್ಣಿಗೆ ಬರುತ್ತವೆ; ಅಂಥವರಿಗೂ ಲೋಕ ಋಣಿಯೇ, ಅವರಿಲ್ಲದಿದ್ದರೆ ಎಷ್ಟೋ ವಸ್ತುಗಳು ಉಳಿಯುತ್ತಿರಲಿಲ್ಲ. ಆಲ್ವಿನ್ ಸ್ಟ್ಯಾನಿಫೋರ್ತ್ ಅಂಥವರದು ಬೇರೆ ಕುಲ. ಹೆಸರಿಲ್ಲದ ಕೈಗಳು ಮಾಡಿಟ್ಟುಹೋದದ್ದನ್ನು ಅವರು ದಿನದಿನವೂ ಕೆಲಸಕ್ಕೆ ಹಚ್ಚುತ್ತಾರೆ, ಸವೆಸುತ್ತಾರೆ, ತಮ್ಮ ಮುಪ್ಪಿಗೆ ಅದು ಹೊಂದಿಕೊಳ್ಳಬೇಕಾಗಿ ಬಂದಾಗ ತಾವೇ ಎದುರು ನಿಂತು ಅದಕ್ಕೊಂದು ಗಾಯ ಮಾಡಿಸುತ್ತಾರೆ. ಇದು ಕಷ್ಟದ ಪ್ರೀತಿ, ಏಕೆಂದರೆ ಪ್ರೀತಿಸಿದ ವಸ್ತು ಅವರ ಕೈಯಲ್ಲೇ ದಿನಕ್ಕಿಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಹಾಗೆ ಕಡಿಮೆಯಾಗುವುದನ್ನು ಕಣ್ಣಾರೆ ಕಂಡೂ ಕೈಬಿಡದವರ ಪಕ್ಕದಲ್ಲಿ ಕೂತು ಟೀ ಕುಡಿಯುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ. ಒದಗಿದವರು ಡೆನೀಸಳಂತೆ, ಆ ಬೆಳಗಿಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ.