ಎರಡು ಸಲ ಕೂಗಿದ ನಂಬರು

ಬಸವನ ಬಾಗೇವಾಡಿಯ ಸಭಾಂಗಣದಲ್ಲಿ ಅನಿಲಕುಮಾರ ಮಾಸ್ತರರು ಗಣಿತ ಸ್ಪರ್ಧೆಯ ಕೊನೆಯ ಪ್ರಶ್ನೆಯನ್ನು ಇಬ್ಬರು ಸ್ಪರ್ಧಿಗಳ ಬೋರ್ಡುಗಳ ಮೇಲೂ ಬರೆದರು: 4,72,94,729.

“ಇದು ಅವಿಭಾಜ್ಯ ಸಂಖ್ಯೆ ಹೌದೋ ಅಲ್ಲೋ? ಅಲ್ಲ ಅಂದ್ರ, ಯಾವ ಎರಡು ಸಂಖ್ಯೆ ಗುಣಿಸಿದ್ರ ಇದು ಬರ್ತೈತಿ, ತೋರಿಸ್ರಿ. ಐದು ನಿಮಿಷ. ಹೊರಗಿಂದ ಯಾರಿಗೆ ಒಂದು ಮಾತು ಬಂದ್ರೂ ಆ ಸ್ಪರ್ಧಿ ಔಟ್.”

ನನ್ನ ಪಕ್ಕದಲ್ಲಿ ಯಲ್ಲವ್ವ ಸೆರಗು ಹಿಂಡುತ್ತಿದ್ದಳು. ಸಿಂದಗಿ ಬಸ್ ನಿಲ್ದಾಣದಲ್ಲಿ ಅವಳದು ಚಹಾದಂಗಡಿ. ಅದರ ಎದುರಿಗೇ ಮೈಕಿನಲ್ಲಿ ಬಸ್ಸುಗಳನ್ನು ಕೂಗುವ ಕೆಲಸ ನನ್ನದು. ಅವಳ ಮಗಳು ಕೋಮಲ, ಮುದ್ದೇಬಿಹಾಳದ ಸಂಗಮೇಶ, ಇಬ್ಬರೇ ಉಳಿದಿದ್ದರು. ಗೆದ್ದವರಿಗೆ ಊಟ, ವಸತಿ ಸಹಿತ ವಿಜ್ಞಾನ ಕಾಲೇಜಿನ ಸೀಟು. ಸೋತರೆ ಕೋಮಲ ಓದು ಬಿಟ್ಟು ಅಂಗಡಿಗೆ ಬರಬೇಕೆಂದು ಯಲ್ಲವ್ವ ಆಗಲೇ ತೀರ್ಮಾನಿಸಿದ್ದಳು.

“ಪರಸಪ್ಪಣ್ಣ, ಅವಿಭಾಜ್ಯ ಅಂದ್ರೇನು?” ಯಲ್ಲವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

“ಒಂದು ಮತ್ತ ತಾನು, ಇವೆರಡು ಬಿಟ್ರ ಬ್ಯಾರೆ ಯಾವುದಕ್ಕೂ ಸಮ ಹರಿಯೂದಿಲ್ಲ. ನಿನ್ನಂಗ ಹಟಮಾರಿ.”

“ಈಗ ಚ್ಯಾಷ್ಟಿ ಬ್ಯಾಡ.”

ಕೋಮಲ ಮೂರರಿಂದ ಭಾಗಿಸಿದಳು. ಏಳು, ಹನ್ನೊಂದು, ಹದಿಮೂರು. ಪ್ರತಿ ಸಲವೂ ಶೇಷ ಉಳಿಯಿತು. ಮೂರು ನಿಮಿಷ ಕಳೆದಾಗ ನಲವತ್ತಮೂರಕ್ಕೆ ಬಂದಿದ್ದಳು. ಸುಣ್ಣದಕಡ್ಡಿಯ ಪುಡಿ ಅವಳ ಬೆವರಿದ ಬೆರಳಿಗೆ ಮೆತ್ತಿಕೊಂಡಿತ್ತು.

ಕೋಟಿ, ಲಕ್ಷ ಓದಿ ನನಗೆ ರೂಢಿಯಿಲ್ಲ. ಬಸ್ಸಿನ ನಂಬರಿನ ಹಾಗೆ ಒಂದೊಂದೇ ಅಂಕಿ ಓದುತ್ತ ಹೋದೆ. ನಾಲ್ಕು ಏಳು ಎರಡು ಒಂಬತ್ತು. ನಾಲ್ಕು ಏಳು ಎರಡು ಒಂಬತ್ತು.

ಯಾವ ಬಸ್ಸನ್ನಾದರೂ ನಾನು ಎರಡು ಸಲ ಕೂಗುತ್ತೇನೆ. ಮೊದಲ ಕೂಗಿಗೆ ಜನ ತಲೆ ಎತ್ತುತ್ತಾರೆ, ಎರಡನೆಯದಕ್ಕೆ ಚೀಲ ಎತ್ತುತ್ತಾರೆ. ಈ ಸಂಖ್ಯೆ ಹಾಗೇ ಇತ್ತು! ಅದರಿಂದ ಏನು ಉಪಯೋಗವೋ ನನಗೆ ತಿಳಿಯದು. ಆದರೆ ಎಂಟು ವರ್ಷ ಅವ್ವನ ಅಂಗಡಿಯಲ್ಲಿ, ಆ ಮೈಕಿನ ಕೆಳಗೇ ಕೂತು ಶಾಲೆಯ ಲೆಕ್ಕ ಮಾಡಿದ ಕೋಮಲಳಿಗೆ ತಿಳಿಯಬೇಕು. ಬಾಯಿ ತೆರೆದವನು ತುಟಿ ಕಚ್ಚಿಕೊಂಡೆ.

ಸಂಗಮೇಶ ‘ಅವಿಭಾಜ್ಯ’ ಎಂದು ಬರೆದು ಕೈ ಝಾಡಿಸಿದ. ಅದನ್ನು ನೋಡಿ ಕೋಮಲಳೂ ‘ಅವಿ’ ಎಂದು ಬರೆದಳು.

‘ಬೇಗ ಬರಿ, ಮಗಳ...’ ಎಂದು ಕೂಗಲು ಯಲ್ಲವ್ವ ಬಾಯಿ ತೆರೆದಳು. ಅವಳ ಮುಂಗೈಯನ್ನು ಬಲವಾಗಿ ಒತ್ತಿ ಹಿಡಿದೆ. ಮಾತು ಹೊರಬೀಳದೆ ಉಸಿರಿನಲ್ಲೇ ನಿಂತಿತು.

ಕೋಮಲಳ ಸುಣ್ಣದಕಡ್ಡಿಯೂ ನಿಂತಿತು. ತುಟಿಗಳು ಅಲುಗಾಡಿದವು. ಮತ್ತೊಮ್ಮೆ ಅಲುಗಾಡಿದವು. ಸಂಖ್ಯೆಯ ನಡುವಿನ ಅಲ್ಪವಿರಾಮಗಳನ್ನು ಬೆರಳಿನಿಂದ ಒಂದೊಂದಾಗಿ ಒರೆಸಿದಳು: 47294729. ನಟ್ಟನಡುವೆ ಗೆರೆ ಎಳೆದಳು. ‘ಅವಿ’ ಅಳಿಸಿ ಬರೆದಳು: 4729 × 10001.

ಗಂಟೆ ಹೊಡೆಯಿತು.

ಮಾಸ್ತರರು ಬೆರಳಿಟ್ಟು ಓದಿದರು. “ನಾಲ್ಕು ಸಾವಿರದ ಏಳುನೂರಾ ಇಪ್ಪತ್ತೊಂಬತ್ತು, ಹತ್ತು ಸಾವಿರ ಸಲ. ಮ್ಯಾಲ ಒಂದು ಸಲ. ಬರೋಬ್ಬರಿ ಐತಿ! ಸೀಟು ಕೋಮಲಂದು.”

“ಥೂ, ಕಣ್ಣೆದುರಿಗೇ ಇತ್ತಲ್ಲೋ!” ಸಂಗಮೇಶ ಹಣೆ ಬಡಿದುಕೊಂಡ.

ಹೊರಗೆ ಬಂದ ಮೇಲೆ ಕೋಮಲ ನನ್ನನ್ನೇ ದಿಟ್ಟಿಸಿದಳು. “ಕಾಕಾ, ನಿಮಗ ಮೊದಲ ಗೊತ್ತಾಗಿತ್ತೇನ್ರಿ?”

“ನಾ ಬಸ್ ಕೂಗಾಂವ. ನಂಗೇನ್ ಗೊತ್ತವ್ವ?”

“ಮತ್ತ ನಮ್ಮವ್ವನ ಮುಂಗೈ ಮ್ಯಾಲ ಐದೂ ಬೆರಳಿನ ಗುರುತು ಹೆಂಗ ಮೂಡ್ಯಾವು?”