ಜೈತುನ್‌ಬೀ ಕೆರೆಗೆ ಹಾಕಿದ ಗಿಡ

ಸೇಡಂ ತಾಲೂಕಿನ ಆಡಕಿಯಿಂದಾಚೆ ಒಂದು ಸಣ್ಣ ಊರು. ಅಲ್ಲಿನ ಕೆರೆಯಲ್ಲಿ ಮೀನು ಹಿಡಿದು ಬದುಕುತ್ತಿದ್ದವನು ಹಾಜಿಮಲಂಗ್. ಎರಡು ವರ್ಷದಿಂದ ಕೆರೆಯ ತುಂಬ ನೀರ ಮೇಲೆ ತೇಲುವ ಅಂತರಗಂಗೆ ಗಿಡ ಹಬ್ಬಿ, ಎಲ್ಲಿ ನೋಡಿದರೂ ದಪ್ಪ ಹಸಿರೆಲೆ, ನೇರಳೆ ಹೂವು. ಬಲೆ ಬೀಸಿದರೆ ಬೇರು ಬರುತ್ತಿತ್ತು, ಮೀನು ಬರುತ್ತಿರಲಿಲ್ಲ.

ಬೇಸಿಗೆಯ ಒಂದು ಸಂಜೆ ನೆರೆಮನೆ ಹಣಮಮ್ಮನ ಎಮ್ಮೆಕರು ನೀರಿಗಿಳಿದು ಆ ಗಿಡದೊಳಗೆ ಸಿಕ್ಕಿಬಿತ್ತು. ನಾಲ್ಕು ಜನ ಹಗ್ಗ ಹಾಕಿ ಎಳೆದ ಮೇಲೆ ಬದುಕಿಕೊಂಡಿತು. ಎಲ್ಲರೂ ದಂಡೆಯ ಮೇಲೆ ಸೇರಿದಾಗ ಗ್ರಾಮಸೇವಕ ಪೀರಪ್ಪ ಹೇಳಿದ:

"ಈ ಗಿಡ ಮುಚ್ಚಿದ್ರ ನೀರಿಗಿ ಬಿಸಿಲಿಲ್ಲ, ಗಾಳಿಲ್ಲ. ಅದಕ್ಕ ಮೀನು ಸಾಯಲಿಕತ್ತಾವ, ಸೊಳ್ಳಿ ಹೆಚ್ಚಾಗ್ಯಾವ. ಬೇರುಸಹಿತ ಕೀಳಬೇಕ್ರಿ."

"ಬಿಡ್ರಿ ಸಾಹೇಬ್ರ," ಎಂದ ಹಾಜಿಮಲಂಗ್. "ತಾನಾಗೇ ಹುಟ್ಟಿದ್ದು, ಮಳಿಗಿ ತಾನಾಗೇ ಕೊಚ್ಚಿ ಹೋಗ್ತದ."

"ತಾನಾಗೇ ಹ್ಯಾಂಗ ಬರ್ತದ? ಯಾರೋ ತಂದು ಹಾಕ್ಯಾರ," ಎಂದ ಪೀರಪ್ಪ.

ಹಿಂದೆ ನಿಂತಿದ್ದ ಹಾಜಿಮಲಂಗನ ಹೆಂಡತಿ ಜೈತುನ್‌ಬೀಗೆ ಆ ಯಾರೋ ತಾನೇ ಎಂದು ಗೊತ್ತಿತ್ತು. ಶಹಾಬಾದಿನ ತಂಗಿಯ ಮನೆಯಿಂದ ಹೂವಿನ ಆಸೆಗೆ ಒಂದು ಹಿಡಿ ಗಿಡ ತಂದು ಹಿತ್ತಲ ತೊಟ್ಟಿಯಲ್ಲಿ ಬೆಳೆಸಿದ್ದಳು. ತೊಟ್ಟಿ ತುಂಬಿದಾಗ ಅರ್ಧ ಕಿತ್ತು ಕೆರೆಗೆ ಎಸೆದಿದ್ದಳು. ಎಸೆದದ್ದನ್ನು ಯಾರೂ ನೋಡಿರಲಿಲ್ಲ. ಗಂಡ ಖಾಲಿ ಬುಟ್ಟಿ ತಂದಾಗಲೆಲ್ಲ ತನ್ನದೇ ತಪ್ಪೆಂದು ಅವಳಿಗೆ ಅನ್ನಿಸುತ್ತಿತ್ತು. ಇನ್ನು ತಡೆಯಲಾಗಲಿಲ್ಲ.

"ನಾನೇ ಹಾಕಿದ್ದು," ಎಂದಳು.

ಹಾಜಿಮಲಂಗ್ ಬಾಯಿ ತೆರೆದು ನೋಡಿದ. "ನೀನಾ? ಎರಡು ವರ್ಷ ನನ್ನ ಮುಂದ ಕುಂತು, ಕೆರಿಗಿ ಯಾರ ಕೆಟ್ಟ ಕಣ್ಣಿನ ನದರ ಬಿತ್ತೋ ಅಂತಿದ್ದೆಲ್ಲ!"

ಮೊದಲು ನಕ್ಕವಳು ಹಣಮಮ್ಮ. ಆಮೇಲೆ ದಂಡೆಯೆಲ್ಲ ನಕ್ಕಿತು. ಜೈತುನ್‌ಬೀ ಮಾತ್ರ ಕಣ್ಣೊರೆಸಿಕೊಂಡಳು.

"ಗೊತ್ತಿಲ್ದ ಹಾಕೀರಿ ಅಕ್ಕಾ," ಎಂದ ಪೀರಪ್ಪ. "ಈಗ ಎಲ್ಲಾರೂ ಕೂಡಿ ತೆಗ್ಯೋಣ. ಬ್ಯಾಸಗ್ಯಾಗ ನೀರು ಕಡಿಮಿ, ಕೆಲಸ ಹಗುರ. ಆದ್ರ ಒಂದು ತುಂಡೂ ನೀರಾಗ ಬಿಡಬ್ಯಾಡ್ರಿ, ಅದೇ ಮತ್ತ ಚಿಗಿತದ."

ಮರುದಿನ ಬೆಳಿಗ್ಗೆ ಜೈತುನ್‌ಬೀ ಮೊದಲು ತನ್ನ ತೊಟ್ಟಿ ಬರಿದು ಮಾಡಿದಳು. ಆಮೇಲೆ ಸೆರಗು ಸಿಕ್ಕಿಸಿ ಎಲ್ಲರಿಗಿಂತ ಮುಂಚೆ ಕೆರೆಗಿಳಿದಳು. ಹತ್ತು ದಿನ ಊರಿಗೆ ಊರೇ ಕಿತ್ತಿತು. ಕಿತ್ತದ್ದನ್ನು ಮಳೆನೀರು ಮತ್ತೆ ಕೆರೆಗೆ ಒಯ್ಯದಂತೆ ಎತ್ತರದ ಜಾಗದಲ್ಲಿ ಒಣಗಿಸಿ, ಸಗಣಿಯೊಂದಿಗೆ ತಿಪ್ಪೆಗುಂಡಿಗೆ ಹಾಕಿ ಗೊಬ್ಬರ ಮಾಡಿದರು. ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ಪೀರಪ್ಪ ಎಚ್ಚರಿಸಿದ್ದ. ಹಾಗಾಗಿ ಗಂಡ ಹೆಂಡತಿ ವಾರಕ್ಕೊಮ್ಮೆ ದಂಡೆ ಸುತ್ತಿ ಸಣ್ಣ ಸಸಿಗಳನ್ನು ಕೀಳತೊಡಗಿದರು.

ಮಳೆಗಾಲ ಮುಗಿದು ಬಲೆ ಮತ್ತೆ ಭಾರವಾದ ದಿನ ಹಾಜಿಮಲಂಗ್ ಬುಟ್ಟಿ ಇಳಿಸಿ ನಕ್ಕ: "ಇನ್ನ ಯಾವ ಗಿಡ ಚಂದ ಕಂಡ್ರೂ, ತರೂಕಿಂತ ಮೊದಲ ನನ್ನ ಕೇಳು!"

ಬಂಧುಗಳೇ, ನಿಮ್ಮ ಕೆರೆ ಹಳ್ಳಗಳಲ್ಲಿ ಅಂತರಗಂಗೆ ಒಂದೇ ಒಂದು ಕಂಡರೂ ಹೂ ಬಿಡುವ ಮೊದಲೇ ಕಿತ್ತು ಒಣಗಿಸಿ. ಮನೆಯ ತೊಟ್ಟಿಯ ಗಿಡವನ್ನು ನೀರಿಗೆ ಎಸೆಯಬೇಡಿ. ನೀವೇ ಎಸೆದಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಹೇಳಿ, ನಾಲ್ಕು ಜನರನ್ನು ಕರೆಯಿರಿ, ಕೆರೆಗಿಳಿಯಿರಿ.