ಗಾಡಿ ನೋಡ್ಕೊಂಡು ಬರ್ತೀನಿ

ಚಂದ್ರಿಕಾ ಕಾರಿನ ಗಾಜನ್ನು ಮತ್ತೊಮ್ಮೆ ತಟ್ಟಿದಾಗ ಶ್ರೀರಂಗ ಕಣ್ಣು ಬಿಟ್ಟ. ಹಾಲ್‌ನೊಳಗೆ ಇಂಗ್ಲೆಂಡಿನ ಡಿಡ್ಸ್‌ಬರಿಯ ಕನ್ನಡ ಕೂಟದ ದೀಪಾವಳಿ ಊಟ ನಡೆದಿತ್ತು. ಬಿಸಿಬೇಳೆಬಾತಿನ ವಾಸನೆ ಕಾರ್ ಪಾರ್ಕಿನವರೆಗೂ ಬಂದಿತ್ತು. ತಮ್ಮನ ಕುರ್ಚಿ ಖಾಲಿಯಿದೆಯಲ್ಲ ಎಂದು ಅಕ್ಕ ಹುಡುಕಿಕೊಂಡು ಬಂದಿದ್ದಳು.

"ಏನೋ ರಂಗ, ಊಟಕ್ಕೆ ಬರಲ್ವಾ?"

"ಬಂದೆ ಅಕ್ಕ. ಗಂಟಲು ಕೆರೀತಿತ್ತು. ಕಷಾಯ ಕುಡೀತಿದ್ದೆ."

ಚಂದ್ರಿಕಾ ಬಾಗಿಲು ತೆಗೆದು ಅವನ ತೊಡೆಯ ಮೇಲಿದ್ದ ಸ್ಟೀಲ್ ಫ್ಲಾಸ್ಕನ್ನು ಎತ್ತಿ ಮೂಸಿದಳು. ಶುಂಠಿಯ ಸುಳಿವೂ ಇಲ್ಲ, ಬರೀ ವಿಸ್ಕಿ.

ಕೂಟದ ಸಮಾರಂಭಗಳಲ್ಲಿ ಮದ್ಯ ನಿಷೇಧ ಮಾಡಿಸಿದವಳೇ ಈ ಚಂದ್ರಿಕಾ. ಲಿವರ್ ವಾರ್ಡಿನ ಡಾಕ್ಟರು. ಹಗಲೆಲ್ಲ ಹಳದಿ ಕಣ್ಣುಗಳನ್ನು ನೋಡುವವಳು ಸುಮ್ಮನಿರುತ್ತಾಳೆಯೇ? ಕೂಟದ ಹಿರಿಯರಾದ ಜಯಣ್ಣನವರು ಕುಡಿದು ತೂರಾಡುತ್ತ ವೇದಿಕೆಯಿಂದ ಬಿದ್ದ ವರ್ಷ ಎದ್ದು ನಿಂತು ಗುಡುಗಿದಳು, ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದವರು ಬಿಟ್ಟರೇ? ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಜನ. "ಗಾಡಿ ನೋಡ್ಕೊಂಡು ಬರ್ತೀನಿ" ಎಂದು ಒಬ್ಬೊಬ್ಬರೇ ಹೊರಗೆ ಹೋಗತೊಡಗಿದರು. ಇದು ಅವಳಿಗೂ ಗೊತ್ತಿತ್ತು. ಕಣ್ಣಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದಳು.

"ಯಾವಾಗಿಂದ ಹೀಗೆ ಒಬ್ಬನೇ?"

ಶ್ರೀರಂಗ ಸ್ಟಿಯರಿಂಗನ್ನೇ ನೋಡುತ್ತ ಹೇಳಿದ: "ಮುಂಚೆ ಒಳಗೆ ಎಲ್ಲರ ಜೊತೆ ಕುಡಿಯೋವಾಗ ಜಾಸ್ತಿ ಆದ್ರೆ ನಮ್ಮ ಫ್ರೆಂಡ್ ಹಾಲಪ್ಪ ಗ್ಲಾಸ್ ಕಿತ್ಕೋತಿದ್ದ. ಸಾಕು ನಡಿಯೋ, ಊಟ ಮಾಡು ಅಂತ ಬೈತಿದ್ದ. ಈಗ ಯಾರು ನೋಡ್ತಾರೆ? ಅವನ ಕಾರಲ್ಲಿ ಅವನು, ನನ್ನ ಕಾರಲ್ಲಿ ನಾನು. ನೀನು ಬೈತೀಯ ಅಂತ ನಿಮ್ಮನೆ ಕಡೆಗೂ ಬರಲ್ಲ ಅಕ್ಕ."

ಊರವರ ಲಿವರನ್ನೆಲ್ಲ ಮುಟ್ಟಿ ನೋಡುವವಳಿಗೆ ಒಡಹುಟ್ಟಿದವನ ಮುಖ ಊದಿದ್ದು ಕಂಡಿರಲಿಲ್ಲ. ಕಾರಿನ ಕೀ ತೆಗೆದು ಪರ್ಸಿಗೆ ಹಾಕಿಕೊಂಡು, ತೋಳು ಹಿಡಿದು ಅವನನ್ನು ಒಳಗೆ ಕರೆತಂದಳು.

ಊಟದ ಮೇಲೆ ಸಭೆ. ಹಾಲಪ್ಪ ಪ್ರತಿವರ್ಷದಂತೆ ಎದ್ದು ನಿಷೇಧ ತೆಗೆಯಿರಿ ಎಂದ. ಸೋಲುವುದು ಗೊತ್ತಿದ್ದರಿಂದ ಆಗಲೇ ಕೂರಲು ಹೊರಟಿದ್ದ. ಚಂದ್ರಿಕಾ ಅವನ ಪರವಾಗಿ ಕೈ ಎತ್ತಿದಳು.

"ಡಾಕ್ಟ್ರೇ, ನೀವೂ ಗಾಡಿ ನೋಡ್ಕೊಂಡು ಬಂದ್ರಾ?" ಎಂದ ಹಾಲಪ್ಪ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಕುಡಿಯೋರು ನಮ್ಮ ಕಣ್ಣೆದುರಿಗೇ ಕುಡೀಲಿ. ಗಾಡಿ ಓಡಿಸೋರಿಗೆ ಮಾತ್ರ ಇಲ್ಲ" ಎಂದಳು.

ಮನೆಗೆ ಹೋಗುವಾಗ ಶ್ರೀರಂಗ ಅಕ್ಕನ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ. ಮುಂದೆ ಅವಳ ಮಗಳು ಇಂಚರಾ ಇತಿಹಾಸದ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಅಮೆರಿಕದವರು ಇಡೀ ದೇಶಕ್ಕೆ ಪಾನನಿಷೇಧ ತಂದು, ಕೊನೆಗೆ ಅದನ್ನೇ ರದ್ದು ಮಾಡಿದ ಪಾಠ.

"ಯಾಕೆ ತೆಗೆದ್ರಂತೆ?" ಚಂದ್ರಿಕಾ ಕೇಳಿದಳು.

"ಟ್ಯಾಕ್ಸ್ ಬೇಕಿತ್ತು, ಮಮ್. ಗ್ಯಾಂಗ್ಸ್ಟರ್ಸ್. ಆಮೇಲೆ, ನೋಬಡಿ ಒಬೇಯ್ಡ್ ಇಟ್."

"ಅಷ್ಟೇನಾ?"

"ವೈ, ಇನ್ನೇನು?"

ಚಂದ್ರಿಕಾ ಕನ್ನಡಿಯಲ್ಲಿ ತಮ್ಮನ ಮುಖ ನೋಡಿದಳು. "ಏನಿಲ್ಲ, ಓದ್ಕೋ."

ಯುಗಾದಿಗೆ ಹಾಲ್‌ನೊಳಗೇ ಬಾಟಲಿಗಳನ್ನು ಇಟ್ಟಿದ್ದರು. ಟ್ರ್ಯಾಮ್‌ನಲ್ಲಿ ಬಂದ ಶ್ರೀರಂಗ ಗ್ಲಾಸು ಹಿಡಿದು, ಎಲ್ಲರ ನಡುವೆ ಹಾದು, ಅಕ್ಕನ ಪಕ್ಕದಲ್ಲೇ ಕೂತ. ಅದು ಖಾಲಿಯಾಯಿತು. ಇನ್ನೊಂದು ಹಾಕಿಸಿಕೊಳ್ಳಲು ಏಳುವವನಿದ್ದ.

ಚಂದ್ರಿಕಾ ಗ್ಲಾಸಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಒಬ್ಬಟ್ಟಿನ ತಟ್ಟೆಯನ್ನು ಅವನತ್ತ ಸರಿಸಿದಳು. ಶ್ರೀರಂಗ ಆ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ.